ಮೈಸೂರು ವಿಶ್ವವಿದ್ಯಾನಿಲಯದ ಲಾಂಛನ ಮತ್ತು ಹೆಸರುಗಳು

ಮೈಸೂರು ವಿಶ್ವವಿದ್ಯಾನಿಲಯದ ಲಾಂಛನ, ಧ್ಯೇಯವಾಕ್ಯಗಳು, ಕಾಲೇಜುಗಳ ಹೆಸರುಗಳು ಹಾಗೂ ಆವರಣದ ಹೆಸರು ಮುಖ್ಯವಾಗಿ ಎರಡು ಮೂಲಗಳಿಂದ ಬಂದವು. ಲಾಂಛನದಲ್ಲಿರುವ ಗಂಡಭೇರುಂಡ ಮತ್ತು ಶರಭಗಳು, ಮಹಾರಾಜ ಕಾಲೇಜು, ಯುವರಾಜ ಕಾಲೇಜು ಎಂಬ ಹೆಸರುಗಳು ಮೈಸೂರಿನ ಒಡೆಯರ ರಾಜಮನೆತನದಿಂದ ಬಂದಿವೆ. ಮಾನಸಗಂಗೋತ್ರಿ ಎಂಬ ಆವರಣದ ಹೆಸರನ್ನೂ ಪ್ರಸಾರಾಂಗ ಎಂಬ ಪ್ರಕಟಣಾ ವಿಭಾಗದ ಹೆಸರನ್ನೂ ಕೊಟ್ಟವರು ಕವಿ ಕುವೆಂಪು. ಮೊದಲನೆಯವು ಅರಸೊತ್ತಿಗೆಯ ಕಾಲದ ಕೊಡುಗೆ, ಎರಡನೆಯವು ಪ್ರಜಾಪ್ರಭುತ್ವದ ಕಾಲದವು. ಇಂದು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳಂತಹ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಓದಿದ ವಿದ್ಯಾರ್ಥಿಗಳ ಪದವಿ ಪ್ರಮಾಣಪತ್ರದ ಮೇಲೆ ಇದೇ ಲಾಂಛನವಿರುತ್ತದೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ಸ್ಥಾಪನೆಯಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರಿನ ಅರಸರಾಗಿದ್ದರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ಅರಸರೇ ಮೊದಲ ಕುಲಾಧಿಪತಿಗಳಾದರು. ಎಚ್. ವಿ. ನಂಜುಂಡಯ್ಯನವರು ಮೊದಲ ಕುಲಪತಿಗಳು. ಬ್ರಿಟಿಷರ ನೇರ ಆಡಳಿತದ ಹೊರಗೆ, ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪಿತವಾದ ಭಾರತದ ಮೊದಲ ವಿಶ್ವವಿದ್ಯಾನಿಲಯವಿದು. ಮೈಸೂರಿನ ಮಹಾರಾಜ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಆರಂಭದಲ್ಲಿ ಇದರ ಅಂಗಗಳಾಗಿದ್ದವು.

ಅದಕ್ಕೆ ಮೊದಲು ಸಂಸ್ಥಾನದ ಕಾಲೇಜುಗಳು 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಮೈಸೂರಿನಲ್ಲಿ ಓದಿದವರು ಮದರಾಸಿನ ಪದವಿಯನ್ನು ಪಡೆಯುತ್ತಿದ್ದರು. ಮದರಾಸಿನ ಧ್ಯೇಯವಾಕ್ಯ ಲ್ಯಾಟಿನ್ ಭಾಷೆಯದು. ಹುಟ್ಟಿನಿಂದ ಬಂದ ಶಕ್ತಿಯನ್ನು ಶಿಕ್ಷಣ ಬೆಳೆಸುತ್ತದೆ ಎಂಬುದು ಅದರ ತಾತ್ಪರ್ಯ. ಹೀಗಾಗಿ 1916ರಲ್ಲಿ ಮೈಸೂರು ತನ್ನದೇ ಲಾಂಛನವನ್ನೂ ಸಂಸ್ಕೃತದ ಧ್ಯೇಯವಾಕ್ಯವನ್ನೂ ಪಡೆದದ್ದು ಅಲಂಕಾರದ ವಿಷಯ ಮಾತ್ರವಾಗಿರಲಿಲ್ಲ. ಪದವಿಯನ್ನು ಕೊಡುವ ಅಧಿಕಾರ ಸಂಸ್ಥಾನಕ್ಕೆ ಬಂದಿತೆಂಬುದಕ್ಕೆ ಅದು ಗುರುತಾಗಿತ್ತು.

ಲಾಂಛನದ ರಚನೆ

ಲಾಂಛನದ ನಡುವೆ ಎರಡು ತಲೆಗಳ ಪಕ್ಷಿಯಾದ ಗಂಡಭೇರುಂಡವಿದೆ. ಅದರ ಎರಡು ಬದಿಗಳಲ್ಲಿ ಆನೆಯ ಮುಖ ಮತ್ತು ಸಿಂಹದ ದೇಹವುಳ್ಳ ಎರಡು ಶರಭಗಳು ನಿಂತಿವೆ. ಮೇಲ್ಭಾಗದಲ್ಲಿ ಸಿಂಹವಿದೆ. ಇವುಗಳೊಂದಿಗೆ ಸಂಸ್ಕೃತದ ಎರಡು ಧ್ಯೇಯವಾಕ್ಯಗಳು ಸೇರಿವೆ. ಇವುಗಳಲ್ಲಿ ಒಂದು ರಾಜಮನೆತನದ್ದು, ಇನ್ನೊಂದು ವಿದ್ಯೆಯನ್ನು ಕುರಿತದ್ದು. ರಾಜಲಾಂಛನದ ಚೌಕಟ್ಟನ್ನು ಉಳಿಸಿಕೊಂಡು ಅದರೊಳಗೆ ಜ್ಞಾನದ ಮಾತನ್ನು ಇರಿಸಿರುವುದು ಈ ರಚನೆಯ ವಿಶೇಷ.

ಗಂಡಭೇರುಂಡದ ಇತಿಹಾಸ

ಗಂಡಭೇರುಂಡವು ಕಲ್ಪನೆಯ ಪಕ್ಷಿ. ಕನ್ನಡದಲ್ಲಿ ‘ಗಂಡ’ ಎಂಬ ಶಬ್ದಕ್ಕೆ ಶೂರ, ಬಲಶಾಲಿ ಎಂಬ ಅರ್ಥವಿದೆ. ‘ಭೇರುಂಡ’ ಎಂಬುದು ಭಯಂಕರ ಎಂಬ ಅರ್ಥದ ಸಂಸ್ಕೃತ ಶಬ್ದ. ಆನೆ ಮತ್ತು ಸಿಂಹಗಳನ್ನೂ ಎತ್ತಿಕೊಂಡು ಹೋಗಬಲ್ಲ ಪಕ್ಷಿ ಎಂಬುದು ಕಥನಪರಂಪರೆಯ ನಂಬಿಕೆ.

ಈ ಪಕ್ಷಿಯು ಒಡೆಯರ ಕಾಲಕ್ಕಿಂತ ಬಹಳ ಹಿಂದಿನಿಂದಲೂ ಕರ್ನಾಟಕದ ಶಿಲ್ಪಗಳಲ್ಲಿ ಕಾಣುತ್ತದೆ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿರುವ ಗಂಡಭೇರುಂಡ ಸ್ತಂಭವು 1047ರದು. ಚಾಲುಕ್ಯರ ಕಾಲದ ಈ ಸ್ತಂಭದ ಮೇಲಿನ ವಿಗ್ರಹಕ್ಕೆ ಮನುಷ್ಯನ ದೇಹವೂ ಎರಡು ಪಕ್ಷಿಮುಖಗಳೂ ಇವೆ. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪವೊಂದರಲ್ಲಿ ಪ್ರಾಣಿಗಳು ಸರಣಿಯಾಗಿ ಒಂದನ್ನೊಂದು ಹಿಡಿದಿವೆ. ಹಾವು, ಆನೆ, ಸಿಂಹ, ಶರಭಗಳ ಈ ಸರಣಿಯ ತುದಿಯಲ್ಲಿ ಎಲ್ಲವನ್ನೂ ಮೀರಿದ ಗಂಡಭೇರುಂಡವಿದೆ. ಬಲಶಾಲಿಯ ಮೇಲೆ ಇನ್ನೊಬ್ಬ ಬಲಶಾಲಿ ಇರುತ್ತಾನೆ ಎಂಬುದನ್ನು ಶಿಲ್ಪಿಯು ಒಂದೇ ಚಿತ್ರದಲ್ಲಿ ತೋರಿಸಿದ್ದಾನೆ.

ವಿಜಯನಗರದ ಅಚ್ಯುತದೇವರಾಯನ ಕಾಲದ (1529–1542) ನಾಣ್ಯಗಳ ಮೇಲೆ ಕೊಕ್ಕು ಮತ್ತು ಉಗುರುಗಳಲ್ಲಿ ಆನೆಗಳನ್ನು ಹಿಡಿದಿರುವ ಗಂಡಭೇರುಂಡವಿದೆ. ಕೆಳದಿಯ ರಾಮೇಶ್ವರ ದೇವಾಲಯದ ಮೇಲ್ಛಾವಣಿಯಲ್ಲಿಯೂ ಅದರ ಕೆತ್ತನೆಯನ್ನು ನೋಡಬಹುದು. ಮೈಸೂರಿನ ಒಡೆಯರು ಮೊದಲು ವಿಜಯನಗರದ ಅಧೀನದಲ್ಲಿದ್ದವರು. ವಿಜಯನಗರದ ಪತನದ ಅನಂತರ ಅದರ ಪರಂಪರೆಯನ್ನು ಮುಂದುವರಿಸಿದ ರಾಜ್ಯಗಳಲ್ಲಿ ಮೈಸೂರು ಪ್ರಮುಖವಾದುದು. ಗಂಡಭೇರುಂಡವು ಮೈಸೂರಿನ ರಾಜಲಾಂಛನವಾಗಿ ನೆಲೆಗೊಂಡುದನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು.

ಎರಡು ತಲೆಗಳ ಹದ್ದು ಬೈಜಾಂಟಿಯಮ್, ರಷ್ಯಾ, ಅಲ್ಬೇನಿಯಾಗಳ ಲಾಂಛನಗಳಲ್ಲಿಯೂ ಇದೆ. ಆಕೃತಿಯಲ್ಲಿ ಹೋಲಿಕೆಯಿದ್ದರೂ ಗಂಡಭೇರುಂಡವು ಹದ್ದಲ್ಲ. ಅದರ ಸುತ್ತಲಿನ ಕಥೆಗಳೂ ಶಿಲ್ಪಪರಂಪರೆಯೂ ಭಾರತದವು.

ಶರಭ

ಶರಭಕ್ಕೆ ಎರಡು ಬಗೆಯ ರೂಪಗಳಿವೆ. ಶೈವ ಪುರಾಣಗಳಲ್ಲಿ ನರಸಿಂಹನ ಉಗ್ರತೆಯನ್ನು ಶಮನಗೊಳಿಸಲು ಶಿವನು ತಾಳಿದ ರೂಪವೇ ಶರಭ. ಅದಕ್ಕೆ ಪ್ರತಿಯಾಗಿ ನರಸಿಂಹನು ಗಂಡಭೇರುಂಡನಾದನು ಎಂಬುದು ವೈಷ್ಣವರಲ್ಲಿ ಪ್ರಚಲಿತವಾಗಿರುವ ಕಥೆ. ಲಾಂಛನದಲ್ಲಿರುವುದು ಆನೆ ಮತ್ತು ಸಿಂಹಗಳು ಕೂಡಿದ ರೂಪ. ಇದು ಆನೆಗಿಂತಲೂ ಸಿಂಹಕ್ಕಿಂತಲೂ ಬಲಶಾಲಿಯೆಂದೂ ನ್ಯಾಯದ ರಕ್ಷಕನೆಂದೂ ಭಾವನೆಯಿದೆ.

ಬೇಲೂರಿನ ಶಿಲ್ಪದಲ್ಲಿ ಗಂಡಭೇರುಂಡ ಮತ್ತು ಶರಭಗಳು ವೈರಿಗಳು. ಮೈಸೂರಿನ ಲಾಂಛನದಲ್ಲಿ ಶರಭಗಳು ಗಂಡಭೇರುಂಡದ ಎಡಬಲಗಳಲ್ಲಿ ಕಾವಲಾಗಿ ನಿಂತಿವೆ. ಗುರಾಣಿಯ ಎರಡು ಬದಿಗಳಲ್ಲಿ ಪ್ರಾಣಿಗಳನ್ನು ನಿಲ್ಲಿಸುವುದು ಯುರೋಪಿನ ರಾಜಲಾಂಛನಗಳ ಪದ್ಧತಿ. ಚೌಕಟ್ಟು ಯುರೋಪಿನದಾಗಿ, ಅದರೊಳಗಿನ ಪಕ್ಷಿ, ಪ್ರಾಣಿ ಮತ್ತು ಮಾತುಗಳು ಈ ನಾಡಿನವಾಗಿರುವುದು ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನಗಳ ಮೈಸೂರಿನ ಸಂಸ್ಕೃತಿಗೆ ಹೊಂದುವ ವಿಷಯವಾಗಿದೆ.

ಧ್ಯೇಯವಾಕ್ಯಗಳು

ವಿಶ್ವವಿದ್ಯಾನಿಲಯದ ಮುಖ್ಯ ಧ್ಯೇಯವಾಕ್ಯವನ್ನು ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ 38ನೆಯ ಶ್ಲೋಕದ ಆರಂಭದಿಂದ ಆರಿಸಲಾಗಿದೆ. ಜ್ಞಾನಕ್ಕೆ ಸಮಾನವಾದುದು ಬೇರೊಂದಿಲ್ಲ ಎಂಬುದು ಅದರ ಅರ್ಥ. ಮೂಲ ಶ್ಲೋಕದಲ್ಲಿ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ಈ ಲೋಕದಲ್ಲಿ ಜ್ಞಾನಕ್ಕೆ ಸಮಾನವಾದ ಪವಿತ್ರ ವಸ್ತು ಇಲ್ಲ ಎಂಬುದು ಅಲ್ಲಿನ ಪೂರ್ಣ ಅಭಿಪ್ರಾಯ. ಪವಿತ್ರ ಎಂದರೆ ಶುದ್ಧಿಗೊಳಿಸುವಂಥದು. ಗೀತೆಯ ಸಂದರ್ಭದಲ್ಲಿ ಜ್ಞಾನವೆಂದರೆ ಆತ್ಮಜ್ಞಾನ. ಧ್ಯೇಯವಾಕ್ಯವು ‘ಪವಿತ್ರ’ ಎಂಬ ಮಾತಿಗೆ ಮೊದಲೇ ನಿಲ್ಲುವುದರಿಂದ ಅದರ ವ್ಯಾಪ್ತಿ ಹಿಗ್ಗಿದೆ. ಚರಿತ್ರೆ, ರಸಾಯನಶಾಸ್ತ್ರ, ಅರ್ಥಶಾಸ್ತ್ರಗಳನ್ನು ಓದುವವರಿಗೂ ಅದು ಅನ್ವಯಿಸುತ್ತದೆ.

ಎರಡನೆಯ ವಾಕ್ಯ ‘ಸತ್ಯಮೇವೋದ್ಧರಾಮ್ಯಹಮ್’. ನಾನು ಸತ್ಯವನ್ನೇ ಎತ್ತಿಹಿಡಿಯುತ್ತೇನೆ ಎಂಬುದು ಅದರ ಅರ್ಥ. ಇದು ಮೈಸೂರಿನ ರಾಜಲಾಂಛನದಲ್ಲಿದ್ದ ವಾಕ್ಯ. ‘ಅಹಮ್’ ಎಂಬ ಉತ್ತಮಪುರುಷ ಸರ್ವನಾಮ ಇಲ್ಲಿ ಗಮನಾರ್ಹ. ರಾಜಲಾಂಛನದಲ್ಲಿ ಆ ‘ನಾನು’ ಅರಸ. ಅದೇ ವಾಕ್ಯ ವಿಶ್ವವಿದ್ಯಾನಿಲಯದ ಲಾಂಛನಕ್ಕೆ ಬಂದಾಗ ಆ ಮಾತನ್ನು ಹೇಳುವ ಹೊಣೆ ಸಂಸ್ಥೆಗೂ ಅದರಲ್ಲಿ ಓದಿದವರಿಗೂ ಸೇರುತ್ತದೆ.

ಕರ್ನಾಟಕದ ಬೇರೆ ವಿಶ್ವವಿದ್ಯಾನಿಲಯಗಳ ಧ್ಯೇಯವಾಕ್ಯಗಳೊಡನೆ ಇದನ್ನು ಹೋಲಿಸಬಹುದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯವೂ ಗೀತೆಯಿಂದಲೇ ತನ್ನ ವಾಕ್ಯವನ್ನು ಪಡೆದಿದೆ. ವಿಜ್ಞಾನದಿಂದ ಕೂಡಿದ ಜ್ಞಾನ ಎಂಬುದು ಅದರ ಅರ್ಥ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ಧ್ಯೇಯವಾಕ್ಯ ‘ಅರಿವೇ ಗುರು’ ಎಂಬುದು ಕನ್ನಡದ್ದೇ ಆಗಿದ್ದು, ಶರಣರ ಚಿಂತನೆಗೆ ಹತ್ತಿರವಾಗಿದೆ. ಮೂರೂ ವಾಕ್ಯಗಳ ವಸ್ತು ಜ್ಞಾನವೇ ಆದರೂ ಭಾಷೆ ಮತ್ತು ಪರಂಪರೆಗಳಲ್ಲಿ ವ್ಯತ್ಯಾಸವಿದೆ.

ರಾಜ್ಯಲಾಂಛನದೊಡನೆ ಹೋಲಿಕೆ ಮತ್ತು ವ್ಯತ್ಯಾಸ

ಕರ್ನಾಟಕ ಸರ್ಕಾರದ ಲಾಂಛನದಲ್ಲಿಯೂ ಗಂಡಭೇರುಂಡ ಮತ್ತು ಶರಭಗಳು ಇರುವುದರಿಂದ ಎರಡು ಲಾಂಛನಗಳನ್ನು ಒಂದೇ ಎಂದು ಭಾವಿಸುವುದುಂಟು. ಎರಡೂ ಮೈಸೂರಿನ ರಾಜಲಾಂಛನದಿಂದ ಹೊರಟವು. ಆದರೆ ಅವು ಸಾಗಿದ ದಾರಿಗಳು ಬೇರೆ.

- ರಾಜ್ಯಲಾಂಛನದಲ್ಲಿ ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡವಿದ್ದು, ಅದರ ಮೇಲೆ ಅಶೋಕನ ಸಾರನಾಥ ಸ್ತಂಭದ ಸಿಂಹಶಿರವಿದೆ. ಕೆಳಗೆ ‘ಸತ್ಯಮೇವ ಜಯತೇ’ ಎಂಬ ರಾಷ್ಟ್ರೀಯ ಧ್ಯೇಯವಾಕ್ಯವಿದೆ.
- ವಿಶ್ವವಿದ್ಯಾನಿಲಯದ ಲಾಂಛನದಲ್ಲಿ ಅಶೋಕನ ಸಿಂಹಶಿರವಿಲ್ಲ. ಮೇಲೆ ಸಿಂಹದ ಆಕೃತಿಯಿದೆ. ಗೀತೆಯ ಮಾತು ಮತ್ತು ರಾಜಮನೆತನದ ವಾಕ್ಯ ಇವೆ.

ಇವೆರಡನ್ನು ಗುರುತಿಸಲು ಸುಲಭವಾದ ದಾರಿಯೆಂದರೆ ಸತ್ಯದ ವಾಕ್ಯವನ್ನು ಓದುವುದು. ಒಂದರಲ್ಲಿ ಸತ್ಯ ತಾನೇ ಜಯಿಸುತ್ತದೆ. ಇನ್ನೊಂದರಲ್ಲಿ ಸತ್ಯವನ್ನು ಎತ್ತಿಹಿಡಿಯುವವರು ಬೇಕಾಗುತ್ತಾರೆ. ರಾಷ್ಟ್ರಲಾಂಛನದ ದುರ್ಬಳಕೆಯನ್ನು ತಡೆಯುವ 2005ರ ಕೇಂದ್ರ ಕಾಯಿದೆ ಜಾರಿಯಲ್ಲಿದೆ. ಸಿಂಹಶಿರವನ್ನು ಒಳಗೊಂಡ ಲಾಂಛನಗಳನ್ನು ಶಾಲಾ ಕಾಲೇಜುಗಳ ಆಹ್ವಾನಪತ್ರಿಕೆ, ಫಲಕ, ಸಂಚಿಕೆಗಳಲ್ಲಿ ಬಳಸುವಾಗ ಈ ವ್ಯತ್ಯಾಸವನ್ನು ತಿಳಿದಿರುವುದು ಅಗತ್ಯ.

ಕಾಲೇಜುಗಳ ಹೆಸರುಗಳು

ಮಹಾರಾಜ ಕಾಲೇಜು: ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಿಕ್ಷಣಕ್ಕಾಗಿ ತೆರೆದ ಶಾಲೆ ಇದರ ಮೂಲ. ಅದಕ್ಕೆ ಎರಡು ವರ್ಷ ಮೊದಲು, 1831ರಲ್ಲಿ, ಬ್ರಿಟಿಷರು ಸಂಸ್ಥಾನದ ಆಡಳಿತವನ್ನು ಅರಸರಿಂದ ತೆಗೆದುಕೊಂಡಿದ್ದರು. ಆಡಳಿತಾಧಿಕಾರ ಕೈಯಲ್ಲಿಲ್ಲದ ಅರಸರ ಹೆಸರು ಶಾಲೆಯೊಂದರ ಮೂಲಕ ಉಳಿದುಕೊಂಡಿತು. 1868ರಲ್ಲಿ ಶಾಲೆ ಸರ್ಕಾರದ ವಶಕ್ಕೆ ಬಂದಿತು. ಕಾಲೇಜಿನ ಈಗಿನ ಕಟ್ಟಡಕ್ಕೆ 1889ರಲ್ಲಿ ಬ್ರಿಟನ್ನಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲನ್ನು ಇಟ್ಟರು. ಸರ್ವೆಪಲ್ಲಿ ರಾಧಾಕೃಷ್ಣನ್ ಅವರು ಇಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರವನ್ನು ಬೋಧಿಸಿದರು. ಬಿ. ಎಂ. ಶ್ರೀಕಂಠಯ್ಯ, ಟಿ. ಎಸ್. ವೆಂಕಣ್ಣಯ್ಯ ಮುಂತಾದವರ ಕಾರಣದಿಂದ ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿಯೂ ಈ ಕಾಲೇಜಿಗೆ ಸ್ಥಾನವಿದೆ.

ಮಹಾರಾಣಿ ಕಾಲೇಜು: 1881ರಲ್ಲಿ ಆರಂಭವಾದ ಬಾಲಕಿಯರ ಶಾಲೆಯಿಂದ ಬೆಳೆದ ಸಂಸ್ಥೆ. ಅದೇ ವರ್ಷ ಬ್ರಿಟಿಷರು ಆಡಳಿತವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲದಲ್ಲಿ ಮಹಾರಾಣಿ ಎಂಬ ಹೆಸರು ಸಂಸ್ಥೆಗೆ ಗೌರವವನ್ನೂ ಭರವಸೆಯನ್ನೂ ತರುವಂಥದಾಗಿತ್ತು.

ಯುವರಾಜ ಕಾಲೇಜು: 1928ರಲ್ಲಿ ಇಂಟರ್‌ಮೀಡಿಯೆಟ್ ಕಾಲೇಜಾಗಿ ಆರಂಭವಾಯಿತು. ನಾಲ್ವಡಿಯವರ ಸಹೋದರರಾದ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪದವಿಯನ್ನು ಇದರ ಹೆಸರು ಸೂಚಿಸುತ್ತದೆ. ಇಂದು ಇದು ವಿಜ್ಞಾನ ಶಿಕ್ಷಣಕ್ಕೆ ಹೆಸರಾಗಿದೆ.

ಮಾನಸಗಂಗೋತ್ರಿ

ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಆವರಣದ ಹೆಸರು ಮಾನಸಗಂಗೋತ್ರಿ. ಈ ಆವರಣ 1960ರಲ್ಲಿ ರೂಪುಗೊಂಡಿತು. ಆಗ ಕುಲಪತಿಗಳಾಗಿದ್ದ ಕುವೆಂಪು (ಕೆ. ವಿ. ಪುಟ್ಟಪ್ಪ) ಈ ಹೆಸರನ್ನು ಕೊಟ್ಟರು. ಸುಮಾರು 739 ಎಕರೆಗಳ ಈ ಆವರಣ ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿದೆ. ಕುವೆಂಪು ಅವರು ವಾಯುವಿಹಾರಕ್ಕೆ ಹೋಗುತ್ತಿದ್ದ ಕೆರೆಯೂ ಇದೇ.

ಗಂಗೋತ್ರಿಯು ಹಿಮಾಲಯದಲ್ಲಿ ಗಂಗಾನದಿಯ ಉಗಮದೊಡನೆ ಸೇರಿದ ಕ್ಷೇತ್ರ. ‘ಮಾನಸ’ ಎಂದರೆ ಮನಸ್ಸಿಗೆ ಸಂಬಂಧಿಸಿದ್ದು. ಮಾನಸ ಸರೋವರದ ನೆನಪೂ ಅದರಲ್ಲಿದೆ. ಮನಸ್ಸೆಂಬ ಗಂಗೆ ಹುಟ್ಟುವ ಸ್ಥಳ ಎಂಬುದು ಸಮಾಸದ ಅರ್ಥ. ನದಿ ಹುಟ್ಟಿದಲ್ಲಿಯೇ ನಿಲ್ಲುವುದಿಲ್ಲ, ಬಯಲಿಗೆ ಇಳಿದು ಹೊಲಗದ್ದೆಗಳಿಗೆ ನೀರುಣಿಸುತ್ತದೆ. ವಿದ್ಯೆ ಆವರಣದೊಳಗೆ ನಿಲ್ಲದೆ ಜನರ ಬಳಿಗೆ ಹರಿಯಬೇಕೆಂಬ ಆಶಯವೂ ಈ ಹೆಸರಿನಲ್ಲಿ ಅಡಗಿದೆ.

ಹೆಸರನ್ನು ಕೊಟ್ಟವರ ಜೀವನವೂ ಇಲ್ಲಿ ಮುಖ್ಯವಾಗುತ್ತದೆ. ಕುವೆಂಪು ಅವರು ಮಲೆನಾಡಿನ ಒಕ್ಕಲು ಮನೆತನದಿಂದ ಬಂದವರು. ಮಹಾರಾಜ ಕಾಲೇಜಿನಲ್ಲಿ ಓದಿ, 1929ರಲ್ಲಿ ಅಲ್ಲಿಯೇ ಕನ್ನಡ ಅಧ್ಯಾಪಕರಾಗಿ, 1955ರಲ್ಲಿ ಪ್ರಾಂಶುಪಾಲರಾಗಿ, 1956ರಿಂದ 1960ರವರೆಗೆ ಕುಲಪತಿಗಳಾಗಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಪದವಿ ಪಡೆದು ಅದರ ಕುಲಪತಿಗಳಾದವರಲ್ಲಿ ಅವರೇ ಮೊದಲಿಗರು. ಅರಸರು ಸ್ಥಾಪಿಸಿದ ಸಂಸ್ಥೆಗೆ ಅದರ ವಿದ್ಯಾರ್ಥಿಯೊಬ್ಬರು ಹೊಸ ಹೆಸರನ್ನು ಕೊಟ್ಟಂತಾಯಿತು. ಆ ಹೆಸರಿನಲ್ಲಿ ಯಾವ ವ್ಯಕ್ತಿಯ ಉಲ್ಲೇಖವೂ ಇಲ್ಲ. ಅರಸರ ಬಿರುದುಗಳನ್ನು ಹೊತ್ತ ಹಳೆಯ ಕಾಲೇಜುಗಳ ಹೆಸರುಗಳಿಗಿಂತ ಇದು ಬೇರೆಯಾಗುವುದು ಈ ಕಾರಣದಿಂದ.

ಪ್ರಸಾರಾಂಗ

ವಿಶ್ವವಿದ್ಯಾನಿಲಯದ ಕೆಲಸವನ್ನು ಕುವೆಂಪು ಅವರು ಮೂರು ಅಂಗಗಳಾಗಿ ಕಲ್ಪಿಸಿದರು: ಅಧ್ಯಯನಾಂಗ, ಸಂಶೋಧನಾಂಗ ಮತ್ತು ಪ್ರಸಾರಾಂಗ. ಕಲಿಯುವುದು, ಹುಡುಕುವುದು, ಹರಡುವುದು ಎಂದು ಇವನ್ನು ಸರಳವಾಗಿ ಹೇಳಬಹುದು. ಪುಸ್ತಕ ಪ್ರಕಟಣೆ ಮತ್ತು ಪ್ರಚಾರೋಪನ್ಯಾಸಗಳ ವಿಭಾಗಕ್ಕೆ ಪ್ರಸಾರಾಂಗ ಎಂಬ ಹೆಸರು ನಿಂತಿತು. ಮುಂದೆ ರಾಜ್ಯದ ಇತರ ವಿಶ್ವವಿದ್ಯಾನಿಲಯಗಳೂ ತಮ್ಮ ಪ್ರಕಟಣಾ ವಿಭಾಗಗಳಿಗೆ ಇದೇ ಹೆಸರನ್ನು ಬಳಸಿದವು. ಒಂದು ಸಂಸ್ಥೆಯ ವಿಭಾಗದ ಹೆಸರು ಸಾಮಾನ್ಯ ನಾಮಪದವಾದುದಕ್ಕೆ ಇದು ಒಳ್ಳೆಯ ಉದಾಹರಣೆ.

ಗಂಗೋತ್ರಿ ಹೆಸರಿನ ಪರಂಪರೆ

ಮಾನಸಗಂಗೋತ್ರಿಯ ಅನಂತರ ಕರ್ನಾಟಕದಲ್ಲಿ ವಿಶ್ವವಿದ್ಯಾನಿಲಯದ ಆವರಣಗಳಿಗೆ ನದಿ, ಬೆಟ್ಟ, ಜ್ಞಾನಗಳನ್ನು ಸೂಚಿಸುವ ಹೆಸರನ್ನಿಡುವುದು ವಾಡಿಕೆಯಾಯಿತು. ಮುಖ್ಯವಾದವು:

- ಮಂಗಳಗಂಗೋತ್ರಿ, ಕೊಣಾಜೆ: 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಯಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು.
- ಹೇಮಗಂಗೋತ್ರಿ, ಹಾಸನ: ಹೇಮಾವತಿ ನದಿ ಹರಿಯುವ ಜಿಲ್ಲೆಯಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಬೆಳೆದ ಆವರಣ.
- ಮುಕ್ತಗಂಗೋತ್ರಿ, ಮೈಸೂರು: 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಆವರಣ. ಇದು ಮಾನಸಗಂಗೋತ್ರಿಯ ನೆರೆಯಲ್ಲಿಯೇ ಇದೆ.
- ಶಿವಗಂಗೋತ್ರಿ, ದಾವಣಗೆರೆ: ದಾವಣಗೆರೆ ವಿಶ್ವವಿದ್ಯಾನಿಲಯದ ಆವರಣ.
- ಜ್ಞಾನಭಾರತಿ, ಬೆಂಗಳೂರು: ಬೆಂಗಳೂರು ವಿಶ್ವವಿದ್ಯಾನಿಲಯದ ಆವರಣ.
- ಜ್ಞಾನಗಂಗಾ, ಕಲಬುರಗಿ: 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾನಿಲಯದ ಆವರಣ.
- ಜ್ಞಾನಸಹ್ಯಾದ್ರಿ, ಶಂಕರಘಟ್ಟ: 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾನಿಲಯದ ಆವರಣ.

ಇವುಗಳಲ್ಲಿ ಮೊದಲ ನಾಲ್ಕು ‘ಗಂಗೋತ್ರಿ’ ಎಂಬ ಪದವನ್ನೇ ಉಳಿಸಿಕೊಂಡಿವೆ. ಕೊನೆಯ ಮೂರು ಹೆಸರುಗಳಲ್ಲಿ ‘ಜ್ಞಾನ’ ಪದ ಮುಂದೆ ಬಂದಿದೆ. ಹೆಸರನ್ನು ಕೊಟ್ಟ ಕವಿಯ ಹೆಸರೇ ವಿಶ್ವವಿದ್ಯಾನಿಲಯವೊಂದಕ್ಕೆ ಬಂದುದು ಗಮನಾರ್ಹ.

ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಸಂಯೋಜಿತ ಕಾಲೇಜುಗಳು. ಇವುಗಳ ಆಡಳಿತ ರಾಜ್ಯ ಸರ್ಕಾರದ್ದು, ಪಠ್ಯಕ್ರಮ ಮತ್ತು ಪದವಿ ವಿಶ್ವವಿದ್ಯಾನಿಲಯದವು. ಆದುದರಿಂದ ಇಲ್ಲಿನ ವಿದ್ಯಾರ್ಥಿಯ ಕೈಗೆ ಎರಡು ಗಂಡಭೇರುಂಡಗಳು ಬರುತ್ತವೆ. ಸರ್ಕಾರದ ಆದೇಶಪತ್ರಗಳಲ್ಲಿ ಇರುವುದು ರಾಜ್ಯಲಾಂಛನ. ಪದವಿ ಪ್ರಮಾಣಪತ್ರದಲ್ಲಿ ಇರುವುದು ವಿಶ್ವವಿದ್ಯಾನಿಲಯದ ಲಾಂಛನ.

ಹುಣಸೂರಿನ ಸರ್ಕಾರಿ ಕಾಲೇಜು ಡಿ. ದೇವರಾಜ ಅರಸು ಅವರ ಹೆಸರನ್ನು ಹೊಂದಿದೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಅರಸು ಅವರು ಹುಣಸೂರು ಕ್ಷೇತ್ರವನ್ನು ಪ್ರತಿನಿಧಿಸಿ, 1972ರಿಂದ 1977ರವರೆಗೆ ಮತ್ತು 1978ರಿಂದ 1980ರವರೆಗೆ ಮುಖ್ಯಮಂತ್ರಿಗಳಾಗಿದ್ದರು. ಅವರ ಕಾಲದಲ್ಲಿ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಾಯಿತು. ರಾಜ್ಯದ ಹೆಸರು ಬದಲಾದರೂ ವಿಶ್ವವಿದ್ಯಾನಿಲಯದ ಹೆಸರು ಬದಲಾಗಲಿಲ್ಲ. ಕೃಷ್ಣರಾಜನಗರವು ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಪಟ್ಟಣ. ಮಹಾರಾಜ ಕಾಲೇಜಿನ ಹೆಸರಿನಲ್ಲಿ ಅರಸ, ಹುಣಸೂರಿನ ಕಾಲೇಜಿನ ಹೆಸರಿನಲ್ಲಿ ಚುನಾಯಿತ ನಾಯಕ ಇರುವುದು ಕಾಲದ ಬದಲಾವಣೆಯನ್ನು ತೋರಿಸುತ್ತದೆ.

ಕುಲಾಧಿಪತಿಯ ಸ್ಥಾನದಲ್ಲಿಯೂ ಇದೇ ಬದಲಾವಣೆಯಾಗಿದೆ. ಮೊದಲು ಮಹಾರಾಜರು ಹೊಂದಿದ್ದ ಆ ಸ್ಥಾನದಲ್ಲಿ ಈಗ ರಾಜ್ಯಪಾಲರಿದ್ದಾರೆ. 1956ರಲ್ಲಿ ರಾಜ್ಯದ ಮೊದಲ ರಾಜ್ಯಪಾಲರಾದವರು ಮೈಸೂರಿನ ಕೊನೆಯ ಅರಸರಾದ ಜಯಚಾಮರಾಜ ಒಡೆಯರು.

ಬಳಕೆಯಲ್ಲಿರುವ ಕಿರುಹೆಸರುಗಳು

ಅಮೆರಿಕದ ಕಾಲೇಜುಗಳಲ್ಲಿ ಕ್ರೀಡಾತಂಡಗಳಿಗೆ ಪ್ರಾಣಿಗಳ ಹೆಸರಿನ ಅಧಿಕೃತ ಅಡ್ಡಹೆಸರುಗಳಿರುತ್ತವೆ. ಪ್ರಿನ್ಸ್‌ಟನ್‌ನ ಹುಲಿಗಳು, ಯೇಲ್‌ನ ಬುಲ್‌ಡಾಗ್‌ಗಳು ಇದಕ್ಕೆ ಉದಾಹರಣೆ. ಮೈಸೂರಿನಲ್ಲಿ ಕಿರುಹೆಸರುಗಳು ಮಾತಿನ ಬಳಕೆಯಿಂದ ಹುಟ್ಟಿದವು. ಮಹಾರಾಜ ಕಾಲೇಜು ‘ಮಹಾರಾಜಾಸ್’ ಆಗಿದೆ. ಮಾನಸಗಂಗೋತ್ರಿಯನ್ನು ವಿದ್ಯಾರ್ಥಿಗಳೂ ಊರಿನವರೂ ‘ಗಂಗೋತ್ರಿ’ ಎಂದಷ್ಟೇ ಕರೆಯುತ್ತಾರೆ. ಮೈಸೂರಿನ ಬಡಾವಣೆಯೊಂದಕ್ಕೂ ಆ ಹೆಸರು ಬಂದಿದೆ. ಆಡಳಿತ ಕಚೇರಿಯಿರುವ ಕ್ರಾಫರ್ಡ್ ಭವನದ ಹೆಸರು ವಿಶ್ವವಿದ್ಯಾನಿಲಯದ ಆಡಳಿತಕ್ಕೇ ಪರ್ಯಾಯವಾಗಿ ಬಳಕೆಯಾಗುತ್ತದೆ.

ಸಾಮಾನ್ಯ ತಪ್ಪು ತಿಳಿವಳಿಕೆಗಳು

- ಮಾನಸಗಂಗೋತ್ರಿ ಎಂಬುದು ವಿಶ್ವವಿದ್ಯಾನಿಲಯದ ಇನ್ನೊಂದು ಹೆಸರಲ್ಲ. ಅದು ಸ್ನಾತಕೋತ್ತರ ಆವರಣದ ಹೆಸರು. ಮಹಾರಾಜ ಮತ್ತು ಯುವರಾಜ ಕಾಲೇಜುಗಳು ಆ ಆವರಣದೊಳಗೆ ಇಲ್ಲ.
- ಜ್ಞಾನವನ್ನು ಕುರಿತ ಧ್ಯೇಯವಾಕ್ಯ ಉಪನಿಷತ್ತಿನದಲ್ಲ, ಭಗವದ್ಗೀತೆಯದು. ಉಪನಿಷತ್ತಿನಿಂದ ಬಂದುದು ‘ಸತ್ಯಮೇವ ಜಯತೇ’ ಎಂಬ ರಾಷ್ಟ್ರೀಯ ಧ್ಯೇಯವಾಕ್ಯ. ಅದರ ಮೂಲ ಮುಂಡಕೋಪನಿಷತ್ತು.
- ಗಂಡಭೇರುಂಡವು ಒಡೆಯರ ಕಾಲದಲ್ಲಿ ಹುಟ್ಟಿದ ಕಲ್ಪನೆಯಲ್ಲ. ಬಳ್ಳಿಗಾವೆಯ ಸ್ತಂಭ ವಿಶ್ವವಿದ್ಯಾನಿಲಯದ ಸ್ಥಾಪನೆಗಿಂತ 869 ವರ್ಷಗಳಷ್ಟು ಹಿಂದಿನದು.
- ನಗರದ ಹೆಸರಿನ ಇಂಗ್ಲಿಷ್ ರೂಪ 2014ರ ನವೆಂಬರ್ 1ರಂದು ಬದಲಾಯಿತು. ಕನ್ನಡದಲ್ಲಿ ಊರು ಮೊದಲಿನಿಂದಲೂ ಮೈಸೂರೇ ಆಗಿರುವುದರಿಂದ ವಿಶ್ವವಿದ್ಯಾನಿಲಯದ ಕನ್ನಡ ಹೆಸರಿನಲ್ಲಿ ಬದಲಾವಣೆಯ ಅಗತ್ಯ ಬರಲಿಲ್ಲ.